ಕಡೆಯ ಮನುಷ್ಯನ ಕಥೆ

ಸತ್ತವರು ಎದ್ದು ಬಂದು ಬದುಕಿರುವವರನ್ನು ಬೆನ್ನಟ್ಟುವ ಕಥೆಗಳೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಬಲು ಪ್ರೀತಿ. ಅಂಥವರಿಗೆ ಇಂದು ‘ಜೋಂಬಿ’ ಎಂಬ ಹೆಸರು ರೂಢಿಯಲ್ಲಿದೆ. “ಸರ್, ಇಂಥ ಪುಸ್ತಕಗಳಿಂದ ಹೆದರಿಕೆಯಲ್ಲದೆ ಬೇರೇನಾದರೂ ದೊರೆಯುವುದೇ?” ಎಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು. ಈ ಬಗೆಯ ಕಥೆಗಳಿಗೆಲ್ಲ ದಾರಿ ತೋರಿದ ಒಂದು ಕಾದಂಬರಿಯನ್ನು ಪರಿಚಯಿಸಿ ಆಕೆಗೆ ಉತ್ತರ ಹೇಳುವುದು ಈ ಲೇಖನದ ಉದ್ದೇಶ.

ಅಮೆರಿಕದ ರಿಚರ್ಡ್ ಮ್ಯಾಥಸನ್ (1926–2013) ಎಂಬ ಲೇಖಕನು 1954ರಲ್ಲಿ ‘ಐ ಆ್ಯಮ್ ಲೆಜೆಂಡ್’ ಎಂಬ ಕಾದಂಬರಿಯನ್ನು ಬರೆದನು. ‘ನಾನೊಂದು ದಂತಕಥೆ’ ಎಂದು ಅದರ ಅರ್ಥ. ಇದರಲ್ಲಿ ಬರುವವರು ರಕ್ತ ಹೀರುವ ಪಿಶಾಚಿಗಳು. ಆದರೂ 1968ರಲ್ಲಿ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರವನ್ನು ನಿರ್ದೇಶಿಸಿದ ಜಾರ್ಜ್ ರೊಮೆರೊ ಇದರಿಂದಲೇ ಸ್ಫೂರ್ತಿ ಪಡೆದನು. ಇಂದಿನ ಜೋಂಬಿ ಕಥೆಗಳು ಬೆಳೆದುದು ಆ ಚಿತ್ರದ ಜಾಡಿನಲ್ಲಿ.

ಲೇಖಕನ ಪಾಲಿಗೆ ಆಗ ಭವಿಷ್ಯವಾಗಿದ್ದ 1976ನೆಯ ಇಸವಿಯಲ್ಲಿ ಕಥೆ ಆರಂಭವಾಗುತ್ತದೆ. ಲಾಸ್ ಏಂಜಲೀಸ್ ನಗರವನ್ನು ಒಂದು ಮಹಾಮಾರಿ ಹಾಳುಗೆಡವಿದೆ. ರಾಬರ್ಟ್ ನೆವಿಲ್ ಎಂಬೊಬ್ಬನೇ ಆರೋಗ್ಯವಂತನಾಗಿ ಉಳಿದಿದ್ದಾನೆ. ಮಡದಿಯೂ ಮಗಳೂ ತೀರಿಹೋಗಿದ್ದಾರೆ. ಕತ್ತಲಾಯಿತೆಂದರೆ ರೋಗಪೀಡಿತರು ಮನೆಯ ಮುಂದೆ ನೆರೆಯುತ್ತಾರೆ, ಒಂದು ಕಾಲದಲ್ಲಿ ನೆರೆಯವನೂ ಸ್ನೇಹಿತನೂ ಆಗಿದ್ದವನೇ “ನೆವಿಲ್, ಹೊರಗೆ ಬಾ!” ಎಂದು ಕೂಗುತ್ತಾನೆ. ಇವನು ಕಿಟಕಿಗಳಿಗೆ ಹಲಗೆ ಬಡಿದು, ಬೆಳ್ಳುಳ್ಳಿಯ ಸರ ಕಟ್ಟಿ ಒಳಗೆ ಕುಳಿತಿರುತ್ತಾನೆ.

ಆದರೆ ನೆವಿಲ್ ಹೆದರಿ ಸುಮ್ಮನಿರುವವನಲ್ಲ. ಅವನು ವಿಜ್ಞಾನಿಯಲ್ಲದಿದ್ದರೂ ಹಗಲಿನಲ್ಲಿ ನಿರ್ಜನವಾದ ಗ್ರಂಥಾಲಯಕ್ಕೆ ಹೋಗಿ ರಕ್ತದ ವಿಷಯವಾಗಿ ಪುಸ್ತಕಗಳನ್ನು ತಂದು ಓದುತ್ತಾನೆ. ಸೂಕ್ಷ್ಮದರ್ಶಕವನ್ನು ಸಂಪಾದಿಸಿ, ತಪ್ಪುತ್ತ ತಿದ್ದಿಕೊಳ್ಳುತ್ತ, ರೋಗಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಕಂಡುಹಿಡಿಯುತ್ತಾನೆ. ಶಿಲುಬೆಯನ್ನು ಕಂಡು ಬೆದರುವವರು ಬದುಕಿದ್ದಾಗ ಅದನ್ನು ನಂಬಿದ್ದವರು ಮಾತ್ರವೆಂದೂ, ಆ ಬೆದರಿಕೆಯ ಮೂಲ ಮನಸ್ಸಿನಲ್ಲಿದೆಯೆಂದೂ ಅರಿಯುತ್ತಾನೆ. ಪಿಶಾಚಿ ಎಂಬ ಮಾತು ಹೀಗೆ ರೋಗ ಎಂಬ ಮಾತಾಗಿ ಬದಲಾಗುತ್ತದೆ. ಭಯವನ್ನು ಪರೀಕ್ಷಿಸಿ ನೋಡಬೇಕೆಂಬುದು ಈ ಕೃತಿಯ ಮೊದಲ ಪಾಠ.

ಎರಡನೆಯ ಪಾಠ ಇನ್ನೂ ಕಠಿನವಾದುದು. ನೆವಿಲ್ ಪ್ರತಿದಿನ ಮಲಗಿದ್ದ ರೋಗಿಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದನು. ಅವರಲ್ಲಿ ಕೆಲವರು ಸತ್ತು ಎದ್ದವರಾಗಿರಲಿಲ್ಲ, ರೋಗವಿದ್ದೂ ಜೀವಂತರಾಗಿದ್ದವರು. ಅಂಥವರು ಔಷಧದಿಂದ ರೋಗವನ್ನು ಹತೋಟಿಗೆ ತಂದು ಹೊಸ ಸಮಾಜವನ್ನು ಕಟ್ಟತೊಡಗಿದ್ದರು. ಕೊನೆಯಲ್ಲಿ ಅವರ ಸೆರೆಯಾಳಾಗಿ ಕಿಟಕಿಯಿಂದ ನೋಡಿದಾಗ ಆ ಜನರ ಮುಖಗಳಲ್ಲಿ ಅವನು ಕಾಣುವುದು ಭಯವನ್ನು. ಹಗಲಿನಲ್ಲಿ ಬಂದು ಮಲಗಿದವರನ್ನು ಕೊಲ್ಲುವ ಪಿಶಾಚಿ, ಅವರ ಪಾಲಿಗೆ, ತಾನೇ!

ಇದನ್ನು ಓದಿದಾಗ ನನಗೆ ನನ್ನದೇ ಅನುಭವವೊಂದು ನೆನಪಾಯಿತು. ಊರು ಬಿಟ್ಟು ಮುಂಬಯಿಗೆ ಬಂದ ಹೊಸತರಲ್ಲಿ ನಾನು ಚಾಳಿನ ಒಂದು ಕೋಣೆಯಲ್ಲಿದ್ದೆನು. ಎದುರು ಕೋಣೆಯವರ ಭಾಷೆ ನನಗೆ ಬಾರದು. ಅವರು ಗಟ್ಟಿಯಾಗಿ ಮಾತನಾಡಿದರೆ ನನ್ನ ಮೇಲೆ ಜಗಳಕ್ಕೆ ನಿಂತಿದ್ದಾರೆಂದು ಬಗೆದು ಬಾಗಿಲಿಗೆ ಅಗಳಿ ಹಾಕಿಕೊಳ್ಳುತ್ತಿದ್ದೆನು. ವರ್ಷ ಕಳೆದು ನಾಲ್ಕು ಮಾತು ಮರಾಠಿ ಕಲಿತ ಮೇಲೆ ನಿಜಾಂಶ ತಿಳಿಯಿತು. ಅವರು ಮಾತನಾಡುತ್ತಿದ್ದುದು ನೀರಿನ ಸರದಿಯ ವಿಷಯವನ್ನು. ಆ ಮನೆಯ ತಾಯಿಯಾದರೋ ಮಗು ಊಟಕ್ಕೆ ಹಟ ಮಾಡಿದಾಗ ನನ್ನ ಮುಚ್ಚಿದ ಬಾಗಿಲನ್ನೇ ತೋರಿಸಿ ಹೆದರಿಸುತ್ತಿದ್ದಳಂತೆ! ಆ ಮಗುವಿನ ಗುಮ್ಮ ನಾನಾಗಿದ್ದೆನು.

ವಿದ್ಯಾರ್ಥಿ ಮಿತ್ರರೇ, ಹೆದರಿಸುವ ಕಥೆಯನ್ನು ಓದುವಾಗ ಬಾಗಿಲ ಹೊರಗೆ ನಿಂತವರು ಯಾರೆಂದು ಕೇಳಿದರೆ ಸಾಲದು. ಒಳಗೆ ಕುಳಿತ ನಾವು ಅವರಿಗೆ ಹೇಗೆ ಕಾಣುತ್ತೇವೆಂಬುದನ್ನೂ ಕೇಳಬೇಕು. ನೆವಿಲ್ ಆ ಪ್ರಶ್ನೆಯನ್ನು ಕೇಳಿಕೊಂಡಾಗ ಕಾಲ ಮಿಂಚಿತ್ತು. ನಮಗಾದರೋ ಅಗಳಿ ತೆಗೆಯುವುದಕ್ಕೆ ಇನ್ನೂ ಸಮಯವಿದೆ.