ಹಿರಿಯರಲ್ಲಿ ಕ್ಯಾನ್ಸರ್ ಪತ್ತೆ: ವಯಸ್ಸಿನ ನೆಪ ಬೇಡ

ವ್ಯಾಪಾರ ಹಾಗೂ ಸಣ್ಣ ಕೈಗಾರಿಕೆಗಳಲ್ಲಿ ನಿವೃತ್ತಿಯ ವಯಸ್ಸೆಂಬುದಿಲ್ಲ. ಎಪ್ಪತ್ತು ದಾಟಿದ ಹಿರಿಯರು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಖರೀದಿ, ಉದ್ರಿ, ವಸೂಲಿಗಳನ್ನು ಸ್ವತಃ ನಿಭಾಯಿಸುವ ಅಂಗಡಿಗಳು ನಮ್ಮಲ್ಲಿ ಅನೇಕ. ಲೆಕ್ಕಪತ್ರಗಳಿಗೆ ವರ್ಷಂಪ್ರತಿ ಆಡಿಟ್ ಮಾಡಿಸುವ ನಾವು, ಈ ಹಿರಿಯರ ದೇಹದಲ್ಲಿ ಕಾಣುವ ಬದಲಾವಣೆಗಳನ್ನು ಮಾತ್ರ ‘ವಯಸ್ಸಾಯಿತು’ ಎಂಬ ಒಂದೇ ಮಾತಿನಿಂದ ತಳ್ಳಿಹಾಕುತ್ತೇವೆ. ಕ್ಯಾನ್ಸರಿನ ಸಂಭವವು ವಯಸ್ಸಿನೊಂದಿಗೆ ಹೆಚ್ಚುವುದರಿಂದ ಈ ಉದಾಸೀನವು ದುಬಾರಿಯಾದುದು.

ತಪಾಸಣೆ ಬೇರೆ, ರೋಗನಿರ್ಣಯ ಬೇರೆ

ಯಾವ ತೊಂದರೆಯೂ ಇಲ್ಲದವರನ್ನು ಪರೀಕ್ಷಿಸುವುದು ತಪಾಸಣೆ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯು 30ರಿಂದ 65 ವರ್ಷದವರಿಗೆ ಬಾಯಿಯ ಕ್ಯಾನ್ಸರ್, ಮಹಿಳೆಯರಿಗೆ ಇದರೊಂದಿಗೆ ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು 5 ವರ್ಷಗಳಿಗೊಮ್ಮೆ ಸೂಚಿಸಿತು. ಆದರೆ 65ರ ನಂತರ ಯಾವ ಪರೀಕ್ಷೆಯೂ ಬೇಡವೆಂದು ಇದರ ಅರ್ಥವಲ್ಲ. ರೋಗಲಕ್ಷಣ ಕಂಡಾಗ ನಡೆಸುವ ಪರೀಕ್ಷೆಯು ರೋಗನಿರ್ಣಯ, ಅದಕ್ಕೆ ವಯೋಮಿತಿಯಿಲ್ಲ.

ಹಾಗೆಂದು ಲಕ್ಷಣಗಳಿಲ್ಲದ ವಯೋವೃದ್ಧರಿಗೆ ದುಬಾರಿ ‘ಪ್ಯಾಕೇಜ್’ ಕೊಡಿಸುವುದೇ ಜಾಣತನವಲ್ಲ. ಪ್ರಾಸ್ಟೇಟ್ ಗ್ರಂಥಿಯ ಪಿ.ಎಸ್.ಎ. ರಕ್ತಪರೀಕ್ಷೆಯನ್ನು 70 ದಾಟಿದವರಲ್ಲಿ ತಪಾಸಣೆಗಾಗಿ ಮಾಡಬಾರದೆಂದು ಅಮೆರಿಕದ ತಜ್ಞ ಮಂಡಳಿಯು 2018ರಲ್ಲಿ ಸಲಹೆ ನೀಡಿತು. ನಿಧಾನವಾಗಿ ಬೆಳೆದು ಎಂದೂ ಬಾಧಿಸದಿರಬಹುದಾದ ಗಡ್ಡೆಗೂ ಚಿಕಿತ್ಸೆ ನಡೆದು, ಅದರಿಂದಲೇ ಹಾನಿಯಾಗುವುದುಂಟು.

ಅಲಕ್ಷಿಸಬಾರದ ಲಕ್ಷಣಗಳು

* ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ. ತಂಬಾಕು, ಗುಟ್ಕಾ, ಅಡಿಕೆಯ ಅಭ್ಯಾಸವುಳ್ಳವರಲ್ಲಿ ವಿಶೇಷವಾಗಿ.
* ಮಲದಲ್ಲಿ ರಕ್ತ. ಮೂಲವ್ಯಾಧಿಯೆಂದು ತಾವೇ ನಿರ್ಧರಿಸಬಾರದು.
* ಮೂತ್ರದಲ್ಲಿ ರಕ್ತ; ಮುಟ್ಟು ನಿಂತ ಮೇಲೆ ರಕ್ತಸ್ರಾವ; ಸ್ತನದಲ್ಲಿ ಗಂಟು.
* ನುಂಗಲು ತೊಂದರೆ, ಬಿಡದ ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯುವುದು.

ಇವೆಲ್ಲವೂ ಕ್ಯಾನ್ಸರ್ ಅಲ್ಲ. ಆದರೆ ವೈದ್ಯರು ಮಾತ್ರವೇ ಹಾಗೆಂದು ಹೇಳಬೇಕು. ಗಡ್ಡೆಯ ಸ್ವರೂಪ ಖಚಿತವಾಗುವುದು ಸಾಮಾನ್ಯವಾಗಿ ಬಯಾಪ್ಸಿಯಿಂದ. ಸೂಜಿ ತಗುಲಿದರೆ ರೋಗ ಹರಡುತ್ತದೆಂಬ ಭಯದಿಂದ ತಿಂಗಳುಗಟ್ಟಲೆ ಮುಂದೂಡುವುದೇ ನಿಜವಾದ ಅಪಾಯ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಸರ್ಕಾರಿ ವಲಯದಲ್ಲಿ ಈ ಸೇವೆ ನೀಡುತ್ತಿದೆ.

ಖರ್ಚಿನ ಬಾಬ್ತು

ಆರೋಗ್ಯ ವಿಮೆ ಕೊಳ್ಳಲು ಇದ್ದ 65 ವರ್ಷಗಳ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಏಪ್ರಿಲ್‌ನಿಂದ ಕೈಬಿಟ್ಟಿದೆ. ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು. ಆದುದರಿಂದ ಆರೋಗ್ಯವಾಗಿರುವಾಗಲೇ ಪಾಲಿಸಿ ಮಾಡಿಸುವುದು ಲೇಸು.

ಅಂಗಡಿಯ ಬಾಗಿಲನ್ನು ಒಂದು ದಿನ ತಡವಾಗಿ ತೆರೆಯಬಹುದು. ತಡವಾದ ರೋಗನಿರ್ಣಯವನ್ನು ಸರಿದೂಗಿಸುವುದು ಕಷ್ಟ. ಸದಸ್ಯರು ತಮ್ಮ ಮನೆಯ ಹಿರಿಯರನ್ನು ಈ ತಿಂಗಳೇ ಒಮ್ಮೆ ವಿಚಾರಿಸುವುದು ಒಳಿತು.