ಮಾಗಡಿ ಕೆರೆಯ ಹೆಬ್ಬಾತಿಗೆ ಎಷ್ಟು ದೇಶ ಬೇಕು?

ಮಾಗಡಿ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಕೆಂಪೇಗೌಡರ ಮಾಗಡಿ. ನಾವು ಇಲ್ಲಿ ಹೇಳಹೊರಟಿರೋದು ಗದಗ ಜಿಲ್ಲೆಯ ಮಾಗಡಿ ಕೆರೆಯ ಬಗ್ಗೆ. ಮಳೆನೀರು ಹಿಡಿದಿಟ್ಟು ಹೊಲಗಳಿಗೆ ಹರಿಸೋಕೆ ಅಂತ ಕಟ್ಟಿದ ಕೆರೆ ಇದು, ವಿಸ್ತೀರ್ಣ ಸುಮಾರು 50 ಹೆಕ್ಟೇರ್. ಚಳಿಗಾಲದಲ್ಲಿ ಇಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ದೊಡ್ಡ ಹಿಂಡುಗಳಾಗಿ ಬಂದಿಳಿಯುತ್ತವೆ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಅದೇ ಗುರುತು.

ಈ ಹಕ್ಕಿ ಮೊಟ್ಟೆ ಇಟ್ಟು ಮರಿ ಮಾಡೋದು ಮಾತ್ರ ಇಲ್ಲಲ್ಲ. ಅದಕ್ಕೆ ಮಂಗೋಲಿಯಾ, ಟಿಬೆಟ್ ಪ್ರಸ್ಥಭೂಮಿ, ಕಿರ್ಗಿಸ್ತಾನದ ಸರೋವರಗಳು ಬೇಕು. ವರ್ಷಕ್ಕೆರಡು ಸಲ ಹಿಮಾಲಯ ದಾಟಿ ಹೋಗಿ ಬರುತ್ತದೆ. ಅಂದ್ರೆ ಮಾಗಡಿಯವರು ಕೆರೆಯನ್ನು ಎಷ್ಟೇ ಚೆನ್ನಾಗಿ ನೋಡಿಕೊಂಡರೂ, ಅಲ್ಲಿ ಸರೋವರ ಒಣಗಿದರೆ ಇಲ್ಲಿ ಹೆಬ್ಬಾತು ಬರಲ್ಲ. ಇಲ್ಲಿ ಕೆರೆ ಹಾಳಾದರೆ ಅಲ್ಲಿ ಗೂಡು ಕಟ್ಟೋಕೆ ವಾಪಸ್ ಹೋಗುವ ಹಕ್ಕಿ ಕಡಿಮೆಯಾಗುತ್ತದೆ. ಜೀವವೈವಿಧ್ಯದಲ್ಲಿ 'ಅಂತರರಾಷ್ಟ್ರೀಯ ಸಹಕಾರ' ಅನ್ನೋದು ಭಾಷಣದ ಮಾತಿನ ಥರ ಕೇಳಿಸುತ್ತೆ. ಈ ಒಂದು ಹಕ್ಕಿಯನ್ನು ಹಿಡಿದುಕೊಂಡು ನೋಡಿದರೆ ಅದು ಮೂರು ಕೆಲಸ: ಎಣಿಸೋದು, ಹಿಂಬಾಲಿಸೋದು, ಒಪ್ಪಂದ ಮಾಡಿಕೊಳ್ಳೋದು.

ಎಣಿಸೋದು: ಛೇದ ಯಾರ ಹತ್ತಿರ ಇದೆ?

ಹಾರಾಡೋ ಹಕ್ಕಿಯನ್ನು ಎಣಿಸೋದರಲ್ಲಿ ಒಂದು ತೊಂದರೆ ಇದೆ. ನಾವು ಡಿಸೆಂಬರ್‌ನಲ್ಲಿ ಎಣಿಸಿ, ಪಕ್ಕದ ರಾಜ್ಯದವರು ಮಾರ್ಚ್‌ನಲ್ಲಿ ಎಣಿಸಿದರೆ ಅದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬರಬಹುದು, ಅಥವಾ ಒಂದು ಸಲವೂ ಬರದೇ ಇರಬಹುದು. ಅದಕ್ಕೆ ಪರಿಹಾರ ನಮಗೆ ಗೊತ್ತಿರೋದೇ: ಎಲ್ಲರ ಗಡಿಯಾರ ಒಂದೇ ಇರಲಿ. ಏಷ್ಯಾದ ನೀರುಹಕ್ಕಿ ಗಣತಿ ನಡೆಯೋದು ಪ್ರತಿ ವರ್ಷ ಜನವರಿಯಲ್ಲಿ. ಆ ಹೊತ್ತಿಗೆ ವಲಸೆ ಹಕ್ಕಿಗಳು ಚಳಿಗಾಲದ ಜಾಗಗಳಲ್ಲಿ ನೆಲೆ ನಿಂತಿರುತ್ತವೆ. ಭಾರತ ಉಪಖಂಡದಲ್ಲಿ ಇದು ಶುರುವಾದದ್ದು 1987ರಲ್ಲಿ. ಇದು 1967ರಿಂದ ನಡೆಯುತ್ತಿರೋ ಅಂತರರಾಷ್ಟ್ರೀಯ ಗಣತಿಯ ಭಾಗ. ಎಣಿಸುವವರಲ್ಲಿ ಹೆಚ್ಚಿನವರು ಸಂಬಳ ಇಲ್ಲದ ಸ್ವಯಂಸೇವಕರು.

ಈ ಸಂಖ್ಯೆಗಳು ಎಲ್ಲಿ ಕೆಲಸಕ್ಕೆ ಬರುತ್ತವೆ? 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಜೌಗು ಪ್ರದೇಶಗಳ ಬಗ್ಗೆ ಒಂದು ಒಪ್ಪಂದ ಆಯಿತು. ಒಂದು ಕೆರೆ 'ಅಂತರರಾಷ್ಟ್ರೀಯ ಮಹತ್ವದ್ದು' ಅನ್ನಿಸಿಕೊಳ್ಳೋಕೆ ಅದರಲ್ಲಿ 9 ಮಾನದಂಡಗಳಿವೆ. ಯಾವುದಾದರೂ ಒಂದಕ್ಕೆ ಹೊಂದಿದರೂ ಸಾಕು. 6ನೆಯ ಮಾನದಂಡ ಹೇಳೋದು: ಒಂದು ಜಾತಿಯ ನೀರುಹಕ್ಕಿಯ ಒಟ್ಟು ಸಂಖ್ಯೆಯಲ್ಲಿ ಶೇ. 1ರಷ್ಟು ಆ ಕೆರೆಗೆ ನಿಯಮಿತವಾಗಿ ಬರಬೇಕು.

ಈಗ ಇದನ್ನು ಭಿನ್ನರಾಶಿ ಥರ ನೋಡಿ. ಅಂಶವನ್ನು ಗದಗದಲ್ಲಿ ನಿಂತು ಬೈನಾಕ್ಯುಲರ್‌ನಿಂದ ಎಣಿಸಬಹುದು. ಛೇದವನ್ನು? ಅದಕ್ಕೆ ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ, ಚೀನಾ ಹೀಗೆ ಈ ಹಕ್ಕಿ ಇರುವ ದೇಶಗಳ ಲೆಕ್ಕವೆಲ್ಲ ಬೇಕು. ನಮ್ಮೂರಿನ ಕೆರೆ ಎಷ್ಟು ಮುಖ್ಯ ಅಂತ ತಿಳಿಯೋಕೂ ಬೇರೆ ದೇಶದ ಡೇಟಾ ಬೇಕು ಅನ್ನೋದು ಇಲ್ಲಿರುವ ತಮಾಷೆ. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಜೊತೆಗೆ ಕರ್ನಾಟಕದ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಕೂಡ ಸೇರಿದವು. ಅದಕ್ಕೂ ಮೊದಲು, 2022ರಲ್ಲಿ, ರಂಗನತಿಟ್ಟು ಸೇರಿತ್ತು.

ಹಿಂಬಾಲಿಸೋದು: ಡಾಪ್ಲರ್ ಎಫೆಕ್ಟ್ ಎಲ್ಲಿ ಉಪಯೋಗಕ್ಕೆ ಬರುತ್ತೆ?

2005ರಲ್ಲಿ ಚೀನಾದ ಛಿಂಗ್‌ಹಾಯ್ ಸರೋವರದಲ್ಲಿ ಎಚ್5ಎನ್1 ಹಕ್ಕಿಜ್ವರ ಬಂದು 6,000ಕ್ಕೂ ಹೆಚ್ಚು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಬಹಳ. ಅಲ್ಲಿವರೆಗೆ ಹಕ್ಕಿಪ್ರಿಯರ ಕುತೂಹಲವಾಗಿದ್ದ ಪ್ರಶ್ನೆ ಒಮ್ಮೆಲೇ ಸಾರ್ವಜನಿಕ ಆರೋಗ್ಯದ ಪ್ರಶ್ನೆ ಆಯಿತು: ಈ ಹಕ್ಕಿ ಎಲ್ಲೆಲ್ಲಿ ಹೋಗುತ್ತೆ, ಯಾವಾಗ? ಮುಂದಿನ ವರ್ಷಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆ ಮತ್ತು ಆಯಾ ದೇಶಗಳ ವಿಜ್ಞಾನಿಗಳು ಸೇರಿ ಚೀನಾ, ಮಂಗೋಲಿಯಾ, ಭಾರತದಲ್ಲಿ ಹೆಬ್ಬಾತುಗಳಿಗೆ ಟ್ರಾನ್ಸ್‌ಮಿಟರ್ ಕಟ್ಟಿದರು.

ಇದರಲ್ಲಿ ನಮ್ಮ ಸಿಲಬಸ್ಸೂ ಇದೆ. ಟ್ರಾನ್ಸ್‌ಮಿಟರ್ ತೂಕ ಹಕ್ಕಿಯ ತೂಕದ ಶೇ. 3ರಿಂದ 5 ಮೀರಬಾರದು ಅನ್ನೋದು ಸಾಮಾನ್ಯ ನಿಯಮ. ಎರಡೂವರೆ ಕೆ.ಜಿ. ಹೆಬ್ಬಾತಿಗೆ ಶೇ. 3 ಅಂದ್ರೆ 75 ಗ್ರಾಂ. ಅದರೊಳಗೇ ಬ್ಯಾಟರಿ, ಸೋಲಾರ್ ಪ್ಯಾನೆಲ್, ಆಂಟೆನಾ, ಕಟ್ಟುವ ಪಟ್ಟಿ ಎಲ್ಲ ಇರಬೇಕು. ಫ್ರಾನ್ಸ್ ಮತ್ತು ಅಮೆರಿಕ ಸೇರಿ 1978ರಲ್ಲಿ ಶುರುಮಾಡಿದ ಆರ್ಗೋಸ್ ವ್ಯವಸ್ಥೆಯಲ್ಲಿ ಉಪಗ್ರಹ ಹತ್ತಿರ ಬರುವಾಗ ಸಿಗ್ನಲ್‌ನ ಫ್ರೀಕ್ವೆನ್ಸಿ ಹೆಚ್ಚಾಗಿ, ದೂರ ಹೋಗುವಾಗ ಕಡಿಮೆಯಾಗಿ ಕಾಣುತ್ತದೆ. ಆ ವ್ಯತ್ಯಾಸದಿಂದಲೇ ಹಕ್ಕಿ ಎಲ್ಲಿದೆ ಅಂತ ಲೆಕ್ಕ ಹಾಕುತ್ತಾರೆ. ಪಿಯುಸಿಯಲ್ಲಿ ಆಂಬುಲೆನ್ಸ್ ಸೈರನ್ ಉದಾಹರಣೆ ಕೊಟ್ಟು ಕಲಿಸಿದ ಡಾಪ್ಲರ್ ಎಫೆಕ್ಟ್ ಇದೇ. ಹೆಚ್ಚು ನಿಖರ ಜಾಗ ಬೇಕಾದರೆ ಜಿಪಿಎಸ್ ಸೇರಿಸುತ್ತಾರೆ.

ಹೀಗೆ ಸಿಕ್ಕ ಉತ್ತರಗಳೂ ಚೆನ್ನಾಗಿವೆ. ಈ ಹಕ್ಕಿ ಎವರೆಸ್ಟ್ ಮೇಲೇ ಹಾರುತ್ತೆ ಅನ್ನೋ ಕಥೆ ಬಹಳ ಕಾಲದಿಂದ ಇತ್ತು. ಟ್ರಾನ್ಸ್‌ಮಿಟರ್‌ಗಳ ಅಧ್ಯಯನದಲ್ಲಿ ದಾಖಲಾದ ಅತಿ ಹೆಚ್ಚಿನ ಎತ್ತರ ಸುಮಾರು 7,290 ಮೀಟರ್. ಹೆಚ್ಚಿನ ಹೊತ್ತು ಅವು ಕಣಿವೆಗಳನ್ನು ಹಿಡಿದು ಕೆಳಗೇ ಹಾರುತ್ತವೆ. ಎದೆಬಡಿತ ದಾಖಲಿಸೋ ಉಪಕರಣ ಇಟ್ಟು ನೋಡಿದ 2015ರ ಅಧ್ಯಯನ ಕಾರಣವನ್ನೂ ಹೇಳಿತು. ಮೇಲೆ ಗಾಳಿ ತೆಳು, ಹಾರೋಕೆ ಶಕ್ತಿ ಜಾಸ್ತಿ ಬೇಕು. ಆದ್ದರಿಂದ ಒಂದೇ ಎತ್ತರದಲ್ಲಿ ಹಾರುವ ಬದಲು ಬೆಟ್ಟ ಬಂದಾಗ ಏರಿ, ಕಣಿವೆ ಬಂದಾಗ ಇಳಿದು ಹೋಗೋದೇ ಅದಕ್ಕೆ ಲಾಭ.

ಇದೆಲ್ಲ ಎಷ್ಟು ಸೂಕ್ಷ್ಮ ದಾರದ ಮೇಲೆ ನಿಂತಿದೆ ಅನ್ನೋದಕ್ಕೂ ಉದಾಹರಣೆ ಇದೆ. ಪ್ರಾಣಿಪಕ್ಷಿಗಳ ಸಿಗ್ನಲ್ ಹಿಡಿಯೋಕೆ ಜರ್ಮನಿ ಮತ್ತು ರಷ್ಯಾ ಸೇರಿ ಇಕಾರಸ್ ಅನ್ನೋ ಯೋಜನೆ ಮಾಡಿದ್ದವು. ಅದರ ಆಂಟೆನಾ ಇದ್ದದ್ದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಷ್ಯಾದ ಭಾಗದಲ್ಲಿ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಯಿತು, ಮಾರ್ಚ್‌ನಲ್ಲಿ ಡೇಟಾ ಬರೋದು ನಿಂತಿತು. ಉಪಕರಣ ಕೆಟ್ಟಿರಲಿಲ್ಲ. ಕೆಟ್ಟದ್ದು ದೇಶಗಳ ಸಂಬಂಧ. ವಿಜ್ಞಾನಿಗಳು ಆಮೇಲೆ ಸ್ವಂತ ಸಣ್ಣ ಉಪಗ್ರಹಗಳ ದಾರಿ ಹಿಡಿಯಬೇಕಾಯಿತು.

ಒಪ್ಪಂದ: ಬಲವೂ ಇದೆ, ತೂತೂ ಇದೆ

ನಮ್ಮ ಹೆಬ್ಬಾತು ಹಾರುವ ದಾರಿಗೆ ಮಧ್ಯ ಏಷ್ಯಾ ಹಾರುಹಾದಿ ಅಂತ ಹೆಸರು. ಇದು 30 ದೇಶಗಳ ಮೇಲೆ ಹಾದುಹೋಗುತ್ತದೆ. ವಲಸೆ ಜೀವಿಗಳಿಗಾಗಿಯೇ 1979ರಲ್ಲಿ ಬಾನ್ ನಗರದಲ್ಲಿ ಒಂದು ಒಪ್ಪಂದ ಆಯಿತು. ಭಾರತ 1983ರಿಂದ ಅದರ ಸದಸ್ಯ. 2020ರಲ್ಲಿ ಇದರ ಸಮ್ಮೇಳನ ಗಾಂಧಿನಗರದಲ್ಲಿ ನಡೆಯಿತು. 2024ರಲ್ಲಿ ಸಮರ್ಕಂದದಲ್ಲಿ ಈ ಹಾರುಹಾದಿಗಾಗಿ ಪ್ರತ್ಯೇಕ ಕಾರ್ಯಕ್ರಮಕ್ಕೆ ಒಪ್ಪಿಗೆ ಸಿಕ್ಕಿತು, ಅದರ ಸಮನ್ವಯ ಘಟಕ ಭಾರತದಲ್ಲಿ ಅಂತಾಯಿತು. ಇದು ಬಲ.

ಇನ್ನು ತೂತು. ಆ ಸಮ್ಮೇಳನದ ಹೊತ್ತಿಗೂ ಚೀನಾ ಮತ್ತು ರಷ್ಯಾ ಬಾನ್ ಒಪ್ಪಂದಕ್ಕೆ ಸೇರಿರಲಿಲ್ಲ. ಹೆಬ್ಬಾತುಗಳ ದೊಡ್ಡ ಗೂಡುತಾಣಗಳಿರೋದು ಚೀನಾದಲ್ಲಿ. ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ: ಚೀನಾ ರಾಮ್ಸಾರ್ ಒಪ್ಪಂದದಲ್ಲಿದೆ, ಛಿಂಗ್‌ಹಾಯ್ ಸರೋವರದ ಹಕ್ಕಿದ್ವೀಪ 1992ರಿಂದ ಆ ಪಟ್ಟಿಯಲ್ಲಿದೆ. ಒಂದು ಒಪ್ಪಂದ ಬಿಟ್ಟ ಜಾಗವನ್ನು ಇನ್ನೊಂದು ಸ್ವಲ್ಪ ಮಟ್ಟಿಗೆ ತುಂಬುತ್ತದೆ. ಆದರೆ ಮಾತು ಮುರಿದ ದೇಶಕ್ಕೆ ದಂಡ ಹಾಕುವ ಪೊಲೀಸರು ಯಾವ ಒಪ್ಪಂದದಲ್ಲೂ ಇಲ್ಲ.

ಇನ್ನೊಂದು ಕೊಂಡಿ ಯಾವ ಸಮ್ಮೇಳನಕ್ಕೂ ಹೋಗಿರಲ್ಲ. ಹೆಬ್ಬಾತು ಕೆರೆಯಲ್ಲಿ ವಿಶ್ರಾಂತಿ ಪಡೆಯುತ್ತೆ, ಮೇಯೋದು ಸುತ್ತಲಿನ ಹೊಲದಲ್ಲಿ. ಹಿಂಡು ಇಳಿದ ಹೊಲದ ರೈತ ಬೆಳೆ ಕಳೆದುಕೊಂಡೂ ಸುಮ್ಮನಿದ್ದರೆ, 30 ದೇಶಗಳ ಕೆಲಸದ ಖರ್ಚಿನಲ್ಲಿ ಒಂದು ಪಾಲನ್ನು ಅವನು ಕೊಟ್ಟ ಹಾಗೆ. ಅವನ ನಷ್ಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಸಹಕಾರ ಬಹಳ ದಿನ ನಿಲ್ಲಲ್ಲ.

ನಾವೆಲ್ಲಿ ಬರ್ತೀವಿ?

ಈ ಮೂರರಲ್ಲಿ ಎರಡು ಕೆಲಸ ನಮ್ಮ ಕೈಗೆಟುಕುತ್ತವೆ. ಕಡಿಮೆ ತೂಕದ, ಕಡಿಮೆ ಬೆಲೆಯ ಟ್ರಾನ್ಸ್‌ಮಿಟರ್ ಒಳ್ಳೆಯ ಪ್ರಾಜೆಕ್ಟ್ ವಿಷಯ. ಇಸಿ, ಮೆಕ್, ಸಿಎಸ್ ಮೂವರಿಗೂ ಅದರಲ್ಲಿ ಕೆಲಸ ಇದೆ. ಅದಕ್ಕಿಂತ ಸುಲಭದ್ದು ಜನವರಿಯ ಗಣತಿ. ಹತ್ತಿರದ ಕೆರೆಗೆ ಒಂದು ಬೆಳಗ್ಗೆ ಹೋಗಿ, ಗೊತ್ತಿರುವವರ ಜೊತೆ ನಿಂತು ಎಣಿಸಬೇಕು. ಹೆಬ್ಬಾತಿನ ಕುತ್ತಿಗೆಯಲ್ಲಿ ಅಕ್ಷರ ಬರೆದ ಪಟ್ಟಿ ಕಂಡರೆ ಅದನ್ನು ಓದಿ ಗುರುತು ಹಾಕಿಕೊಳ್ಳಿ. ಮಂಗೋಲಿಯಾದಲ್ಲಿ ಹಾಕಿದ ಇಂಥ ಪಟ್ಟಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅದನ್ನು ಹಾಕಿದವರಿಗೆ ಆ ಹಕ್ಕಿ ಎಲ್ಲಿಗೆ ತಲುಪಿತು ಅಂತ ಹೇಳೋಕೆ ಇಲ್ಲಿ ಯಾರಾದರೂ ನೋಡಿರಬೇಕು. ಎಣಿಸಿದಾಗ ಸೊನ್ನೆ ಬಂದರೆ ಸೊನ್ನೆಯನ್ನೂ ಬರೆಯಿರಿ, ಅದೂ ಡೇಟಾನೇ.