ವಾಹನಕ್ಕೆ ತಕ್ಕ ಮೊಬೈಲ್ ಹೋಲ್ಡರ್ ಆರಿಸುವ ಬಗೆ

ಸಾಲಗುಂದ ಮತ್ತು ಸುತ್ತಲಿನ ಹಳ್ಳಿಗಳ ರೈತರು ಈಗ ಸಿಂಧನೂರಿನ ಪೇಟೆಗಷ್ಟೇ ಹೋಗಿ ಬರುವವರಲ್ಲ. ಭತ್ತದ ಧಾರಣೆ ಎಲ್ಲಿ ಚೆನ್ನಾಗಿದೆಯೋ ಅಲ್ಲಿಗೆ, ಅಂದರೆ ಕಾರಟಗಿ, ಗಂಗಾವತಿ, ರಾಯಚೂರು, ಬಳ್ಳಾರಿಯವರೆಗೂ ಮಾಲು ಸಾಗಿಸುತ್ತಾರೆ. ಯಂತ್ರದ ಬಿಡಿ ಭಾಗ ತರಲು, ಆಸ್ಪತ್ರೆಗೆ, ಮದುವೆ ಮುಂಜಿಗೆಂದು ಗೊತ್ತಿಲ್ಲದ ಊರುಗಳಿಗೂ ಹೋಗಬೇಕಾಗುತ್ತದೆ. ಹಿಂದೆ ದಾರಿಯಲ್ಲಿ ಸಿಕ್ಕವರನ್ನು ಕೇಳಿಕೊಂಡು ಹೋಗುತ್ತಿದ್ದರು. ಈಗ ಮೊಬೈಲಿನಲ್ಲಿ ಮ್ಯಾಪ್ ಹಾಕಿಕೊಂಡು ಹೋಗುವುದು ರೂಢಿಯಾಗಿದೆ.

ಆದರೆ ಮೊಬೈಲನ್ನು ಇಡುವ ಜಾಗದ ಕಡೆಗೆ ಹೆಚ್ಚಿನವರು ಗಮನ ಕೊಡುವುದಿಲ್ಲ. ಕೆಲವರು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ, ಕೆಲವರು ಗೇರಿನ ಪಕ್ಕದ ಗುಂಡಿಯಲ್ಲಿ ಇಡುತ್ತಾರೆ, ಮತ್ತೆ ಕೆಲವರು ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಸ್ಟಿಯರಿಂಗು ಹಿಡಿಯುತ್ತಾರೆ. ಇದರಿಂದ ಎರಡು ಬಗೆಯ ಹಾನಿಯಿದೆ. ಮೊದಲನೆಯದಾಗಿ, ಮೊಬೈಲು ನಾವಿರುವ ಜಾಗವನ್ನು ತಪ್ಪಾಗಿ ತೋರಿಸಬಹುದು. ಎರಡನೆಯದಾಗಿ, ಚಾಲಕನ ಕಣ್ಣು ರಸ್ತೆಯನ್ನು ಬಿಟ್ಟು ಕೆಳಗಿಳಿಯುತ್ತದೆ. ಎರಡಕ್ಕೂ ಪರಿಹಾರ ಒಂದೇ: ಸರಿಯಾದ ಹೋಲ್ಡರನ್ನು ಸರಿಯಾದ ಜಾಗದಲ್ಲಿ ಕೂರಿಸುವುದು.

ಇಲ್ಲಿ ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಯಾವ ಹೋಲ್ಡರೂ ಜಿಪಿಎಸ್‌ನ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಅದು ಮಾಡುವ ಕೆಲಸ ನಾಲ್ಕೇ: ಮೊಬೈಲಿಗೆ ಆಕಾಶ ಕಾಣುವಂತೆ ಇಡುವುದು, ಅದನ್ನು ಅಲುಗಾಡದಂತೆ ಹಿಡಿಯುವುದು, ಹೆಚ್ಚು ಕಾಯದಂತೆ ನೋಡಿಕೊಳ್ಳುವುದು, ಮತ್ತು ಚಾಲಕನ ದೃಷ್ಟಿಯ ಹತ್ತಿರ ಇರಿಸುವುದು. ಈ ನಾಲ್ಕನ್ನೂ ಮಾಡುವ ಸಾದಾ ಹೋಲ್ಡರು, ಮಾಡದ ದುಬಾರಿ ಹೋಲ್ಡರಿಗಿಂತ ಮೇಲು.

ಜಿಪಿಎಸ್ ಕೆಲಸ ಮಾಡುವ ಬಗೆ

ಜಿಪಿಎಸ್ ಅಮೆರಿಕ ದೇಶದ ಉಪಗ್ರಹ ವ್ಯವಸ್ಥೆ. ಇದರ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ, ತಾವು ಎಲ್ಲಿದ್ದೇವೆ, ಸಮಯವೆಷ್ಟು ಎಂಬುದನ್ನು ರೇಡಿಯೋ ಅಲೆಗಳ ಮೂಲಕ ಸದಾ ಸಾರುತ್ತಿರುತ್ತವೆ. ಮೊಬೈಲು ಈ ಅಲೆಗಳು ಬಂದು ಮುಟ್ಟಿದ ಕಾಲವನ್ನು ಅಳೆದು ಪ್ರತಿ ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಲೆಕ್ಕ ಸಿಕ್ಕರೆ ನಾವಿರುವ ಜಾಗ ತಿಳಿಯುತ್ತದೆ. ಈ ಅಳತೆ ಎಷ್ಟು ಸೂಕ್ಷ್ಮವೆಂದರೆ, ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಸಮಯ ತಪ್ಪಿದರೂ ದೂರದ ಲೆಕ್ಕ 300 ಮೀಟರಿನಷ್ಟು ತಪ್ಪುತ್ತದೆ.

ನಮ್ಮ ದೇಶವೂ ಇಂತಹ ವ್ಯವಸ್ಥೆಯನ್ನು ಕಟ್ಟಿಕೊಂಡಿದೆ. ಇಸ್ರೋ ಸಂಸ್ಥೆ ತನ್ನ ಮೊದಲ ದಾರಿಸೂಚಕ ಉಪಗ್ರಹವನ್ನು 2013ರ ಜುಲೈ 1ರಂದು ಹಾರಿಸಿತು. 2016ರಲ್ಲಿ ಈ ವ್ಯವಸ್ಥೆಗೆ ನಾವಿಕ್ ಎಂಬ ಹೆಸರು ಬಂದಿತು. ಇದರ ಒಂದು ಮುಖ್ಯ ಕೇಂದ್ರ ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ. ಇಂದಿನ ಅನೇಕ ಮೊಬೈಲುಗಳು ಒಂದಕ್ಕಿಂತ ಹೆಚ್ಚು ದೇಶಗಳ ಉಪಗ್ರಹಗಳ ಅಲೆಗಳನ್ನು ಹಿಡಿಯಬಲ್ಲವು.

ಇಷ್ಟು ಎತ್ತರದಿಂದ ಬರುವ ಅಲೆಗಳು ನೆಲ ಮುಟ್ಟುವಾಗ ಬಹಳ ಕ್ಷೀಣವಾಗಿರುತ್ತವೆ. ಅವು ಗಾಜನ್ನು ದಾಟಿ ಬರುತ್ತವೆ, ಆದರೆ ತಗಡನ್ನು ದಾಟಲಾರವು. ಕಾರು ಅಥವಾ ಸರಕು ವಾಹನದ ಮೇಲ್ಛಾವಣಿ ತಗಡಿನದು. ಆದ್ದರಿಂದ ಕ್ಯಾಬಿನ್ನಿನ ಒಳಗೆ, ತಳದಲ್ಲಿಟ್ಟ ಮೊಬೈಲಿಗೆ ಆಕಾಶದ ಚಿಕ್ಕ ತುಣುಕು ಮಾತ್ರ ಕಾಣುತ್ತದೆ. ಅದನ್ನೇ ಮುಂದಿನ ಗಾಜಿನ ಹತ್ತಿರ ತಂದರೆ ಆಕಾಶದ ದೊಡ್ಡ ಭಾಗ ತೆರೆದುಕೊಳ್ಳುತ್ತದೆ. ಬಯಲಿನಲ್ಲಿ, ಆಕಾಶ ತೆರೆದಿರುವಾಗ, ಮೊಬೈಲು ಸಾಮಾನ್ಯವಾಗಿ 5 ಮೀಟರಿನ ಆಸುಪಾಸಿನಲ್ಲಿ ಜಾಗವನ್ನು ಗುರುತಿಸುತ್ತದೆ.

ಸಾಲಗುಂದದ ಸುತ್ತಿನ ಭತ್ತದ ಗದ್ದೆಗಳ ಬಯಲು ಇದಕ್ಕೆ ಬಹಳ ಅನುಕೂಲವಾದದ್ದು. ಇಲ್ಲಿ ಎತ್ತರದ ಕಟ್ಟಡಗಳ ಅಡ್ಡಿಯಿಲ್ಲ, ದಟ್ಟ ಕಾಡಿಲ್ಲ. ಇಂತಹ ಕಡೆಯೂ ಮ್ಯಾಪು ತಡವರಿಸಿದರೆ ಮೊದಲು ಮೊಬೈಲು ಇಟ್ಟ ಜಾಗವನ್ನು ಪರೀಕ್ಷಿಸಬೇಕು.

ಖರ್ಚಿಲ್ಲದ ಪರೀಕ್ಷೆ

ಹೋಲ್ಡರ್ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು. ವಾಹನವನ್ನು ಬಯಲಿನಲ್ಲಿ ನಿಲ್ಲಿಸಿ ಗೂಗಲ್ ಮ್ಯಾಪ್ ತೆರೆಯಿರಿ. ನೀವಿರುವ ಜಾಗದಲ್ಲಿ ನೀಲಿ ಚುಕ್ಕೆ ಕಾಣುತ್ತದೆ. ಅದರ ಸುತ್ತ ತಿಳಿನೀಲಿ ವೃತ್ತವಿದ್ದರೆ, ಆ ವೃತ್ತದೊಳಗೆ ನೀವು ಎಲ್ಲಿ ಬೇಕಾದರೂ ಇರಬಹುದು ಎಂದರ್ಥ. ವೃತ್ತ ಚಿಕ್ಕದಾದಷ್ಟೂ ಲೆಕ್ಕ ಖಚಿತ. ಮೊಬೈಲನ್ನು ಗೇರಿನ ಬಳಿ, ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಹತ್ತಿರ ಹೀಗೆ ಒಂದೊಂದು ಕಡೆ ಎರಡೆರಡು ನಿಮಿಷ ಇಟ್ಟು ವೃತ್ತವನ್ನು ಹೋಲಿಸಿರಿ. ನಿಮ್ಮ ವಾಹನಕ್ಕೆ ಯಾವ ಜಾಗ ಸೂಕ್ತವೆಂಬುದು ತಾನಾಗಿ ತಿಳಿಯುತ್ತದೆ.

ಮುಂದಿನ ಗಾಜಿಗೆ ಲೋಹದ ಅಂಶವಿರುವ ಬಿಸಿಲು ತಡೆಯುವ ಹಾಳೆ ಅಂಟಿಸಿದ್ದರೆ ಅಲೆಗಳು ಅಲ್ಲಿಯೇ ತಡೆದು ಹೋಗುತ್ತವೆ. ಅಂತಹ ವಾಹನದಲ್ಲಿ ಎಂತಹ ಹೋಲ್ಡರ್ ಹಾಕಿದರೂ ಪ್ರಯೋಜನ ಕಡಿಮೆ.

ಹೋಲ್ಡರುಗಳ ವಿಧಗಳು

1. ಗಾಜಿಗೆ ಹಿಡಿಯುವ ರಬ್ಬರ್ ಬಟ್ಟಲಿನ ಹೋಲ್ಡರು: ಇದರಲ್ಲಿ ಮೊಬೈಲಿಗೆ ಆಕಾಶ ಚೆನ್ನಾಗಿ ಕಾಣುತ್ತದೆ. ಆದರೆ ಬಿಸಿಲು ನೇರವಾಗಿ ಬೀಳುತ್ತದೆ. ಧೂಳಿದ್ದ ಗಾಜಿನ ಮೇಲೆ ಬಟ್ಟಲು ನಿಲ್ಲುವುದಿಲ್ಲ. ಗಾಜನ್ನೂ ಬಟ್ಟಲನ್ನೂ ಒರೆಸಿ, ಒಣಗಿದ ಮೇಲೆ ಒತ್ತಿ ಹಿಡಿಸಬೇಕು. ರಸ್ತೆ ಕಾಣಲು ಅಡ್ಡವಾಗದಂತೆ ಗಾಜಿನ ಕೆಳ ಅಂಚಿನಲ್ಲೇ ಕೂರಿಸಬೇಕು. ಗಾಜಿನ ನಡುವೆ ಎಂದೂ ಹಾಕಬಾರದು.

2. ಡ್ಯಾಶ್‌ಬೋರ್ಡಿಗೆ ಅಂಟಿಸುವ ಹೋಲ್ಡರು: ಸರಕು ವಾಹನಗಳಿಗೆ ಇದು ಸೂಕ್ತ. ಆಕಾಶ ಕಾಣುತ್ತದೆ, ಗಾಜು ತೆರವಾಗಿರುತ್ತದೆ. ಆದರೆ ಅಂಟು ಬೇಸಿಗೆಯಲ್ಲಿ ಸಡಿಲವಾಗುವುದುಂಟು. ಒರಟಾದ ಪ್ಲಾಸ್ಟಿಕ್ಕಿನ ಮೇಲೆ ಅಂಟು ಹಿಡಿಯುವುದಿಲ್ಲ, ಸಪಾಟಾದ ಜಾಗ ಹುಡುಕಬೇಕು. ಅಂಟಿಸಿದ ಮೇಲೆ ಒಂದು ದಿನ ಬಿಟ್ಟು ಮೊಬೈಲ್ ಇಡುವುದು ಒಳಿತು.

3. ಎ.ಸಿ. ಗಾಳಿಯ ಕಿಂಡಿಗೆ ಸಿಕ್ಕಿಸುವ ಹೋಲ್ಡರು: ಎ.ಸಿ. ಇರುವ ಕಾರುಗಳಲ್ಲಿ ಬೇಸಿಗೆಗೆ ಇದು ಉತ್ತಮ, ಏಕೆಂದರೆ ತಂಪು ಗಾಳಿ ಮೊಬೈಲನ್ನು ಕಾಯಗೊಡುವುದಿಲ್ಲ. ಸ್ವಲ್ಪ ಕೆಳಗಿರುವುದರಿಂದ ಆಕಾಶ ತುಸು ಕಡಿಮೆ ಕಾಣುತ್ತದೆ, ಆದರೂ ನಮ್ಮ ಬಯಲು ರಸ್ತೆಗಳಲ್ಲಿ ಸಾಮಾನ್ಯವಾಗಿ ಸಾಕಾಗುತ್ತದೆ. ಭಾರದ ಮೊಬೈಲಿಟ್ಟರೆ ಕಿಂಡಿಯ ಎಸಳುಗಳು ಮುರಿಯಬಹುದು.

4. ಆಯಸ್ಕಾಂತದ ಹೋಲ್ಡರು: ಇಡಲು, ತೆಗೆಯಲು ಸುಲಭ. ಆದರೆ ತಗ್ಗು ದಿನ್ನೆಯ ರಸ್ತೆಯಲ್ಲಿ ಮೊಬೈಲು ಜಾರಿ ಬೀಳಬಹುದು. ಇದರ ಇನ್ನೊಂದು ತೊಡಕನ್ನು ಮುಂದೆ ಹೇಳಿದೆ.

5. ಲೋಟ ಇಡುವ ಗುಂಡಿಯಲ್ಲಿ ಕೂರಿಸುವ ಹೋಲ್ಡರು: ಇದರಲ್ಲಿ ಆಕಾಶವೂ ಕಡಿಮೆ, ಕಣ್ಣೂ ಕೆಳಗಿಳಿಯಬೇಕು. ದಾರಿ ನೋಡಲು ಇದು ಸೂಕ್ತವಲ್ಲ.

ಆಯಸ್ಕಾಂತ ಮತ್ತು ದಿಕ್ಕು

ಆಯಸ್ಕಾಂತವು ಉಪಗ್ರಹದ ಅಲೆಗಳನ್ನು ತಡೆಯುವುದಿಲ್ಲ. ಆದರೆ ಮೊಬೈಲಿನೊಳಗೆ ಒಂದು ದಿಕ್ಸೂಚಿಯಿದೆ, ಅದನ್ನು ಕೆಡಿಸುತ್ತದೆ. ವಾಹನ ಓಡುತ್ತಿರುವಾಗ ಮೊಬೈಲು ನಾವು ಸಾಗಿದ ಜಾಡಿನಿಂದಲೇ ದಿಕ್ಕನ್ನು ತಿಳಿಯುತ್ತದೆ. ನಿಂತಾಗ ಮಾತ್ರ ದಿಕ್ಸೂಚಿಯನ್ನು ನಂಬುತ್ತದೆ. ಹೀಗಾಗಿ ಆಯಸ್ಕಾಂತದ ಹೋಲ್ಡರ್ ಇರುವ ವಾಹನ ಕೂಡುರಸ್ತೆಯಲ್ಲಿ ನಿಂತಾಗ ಬಾಣದ ಗುರುತು ಹಿಂದಕ್ಕೋ ಪಕ್ಕಕ್ಕೋ ತಿರುಗಿ ಗೊಂದಲವಾಗುತ್ತದೆ. ಆಗ ಗಾಬರಿಯಾಗಿ ವಾಹನ ತಿರುಗಿಸದೆ, ರಸ್ತೆ ನೋಡಿಕೊಂಡು ನಿಧಾನವಾಗಿ ಸ್ವಲ್ಪ ಮುಂದೆ ಸಾಗಿದರೆ ಬಾಣ ಸರಿಯಾಗುತ್ತದೆ. ಆಯಸ್ಕಾಂತದ ಬದಲು ಬದಿಗಳಿಂದ ಹಿಡಿಯುವ ಹೋಲ್ಡರ್ ಬಳಸಿದರೆ ಈ ತೊಡಕೇ ಇರುವುದಿಲ್ಲ.

ಬಿಸಿಲಿನ ಬಾಧೆ

ರಾಯಚೂರು ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಕಾಲುವೆ ನೀರು ದೊರೆತ ವರ್ಷ ಬೇಸಿಗೆ ಭತ್ತದ ಕೊಯ್ಲು, ಸಾಗಣೆ ಎರಡೂ ಇದೇ ಕಾಲಕ್ಕೆ ಬರುತ್ತವೆ. ಅನೇಕ ಮೊಬೈಲುಗಳನ್ನು 35 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸುವಂತೆ ತಯಾರಕರು ಸೂಚಿಸುತ್ತಾರೆ. ಮ್ಯಾಪು ನಡೆಯುವಾಗ ಮೊಬೈಲು ತಾನೇ ಬಿಸಿಯಾಗುತ್ತದೆ, ಚಾರ್ಜಿಗೆ ಹಾಕಿದರೆ ಇನ್ನೂ ಬಿಸಿಯಾಗುತ್ತದೆ, ಗಾಜಿನ ಮೂಲಕ ಬೀಳುವ ಬಿಸಿಲೂ ಸೇರಿದರೆ ಪರದೆ ಮಂಕಾಗಿ, ಕೊನೆಗೆ ಮೊಬೈಲು ಬಂದ್ ಆಗಬಹುದು. ಇದನ್ನು ಜಿಪಿಎಸ್ ಕೆಟ್ಟಿದೆ ಎಂದು ತಿಳಿಯುವವರುಂಟು. ಅದು ನಿಜವಲ್ಲ, ಮೊಬೈಲು ತನ್ನನ್ನು ಕಾಪಾಡಿಕೊಳ್ಳುತ್ತಿದೆ ಅಷ್ಟೆ.

ಮಧ್ಯಾಹ್ನದ ಪ್ರಯಾಣದಲ್ಲಿ ಮೊಬೈಲಿನ ಬೆನ್ನಿಗೆ ಗಾಳಿ ಆಡುವಂತಹ, ಹಿಂಬದಿ ಪೂರ್ತಿ ಮುಚ್ಚದ ಹೋಲ್ಡರ್ ಬಳಸಬೇಕು. ಹೊರಡುವ ಮೊದಲೇ ಚಾರ್ಜ್ ತುಂಬಿಸಿಕೊಳ್ಳಬೇಕು. ವಾಹನ ನಿಲ್ಲಿಸಿದಾಗ ಮೊಬೈಲನ್ನು ಹೋಲ್ಡರಿನಲ್ಲೇ ಬಿಟ್ಟು ಹೋಗಬಾರದು. ಚಾರ್ಜರ್ ಕೊಳ್ಳುವಾಗ ವಾಹನದ ಬ್ಯಾಟರಿ ನೋಡಿಕೊಳ್ಳಬೇಕು. ಕಾರು, ಟ್ರ್ಯಾಕ್ಟರುಗಳಲ್ಲಿ 12 ವೋಲ್ಟ್, ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ.

ಟ್ರ್ಯಾಕ್ಟರ್ ಮತ್ತು ಮೋಟಾರ್ ಸೈಕಲ್

ಈ ವಾಹನಗಳಲ್ಲಿ ಆಕಾಶಕ್ಕೆ ಅಡ್ಡಿಯಿಲ್ಲ, ತೊಂದರೆಯೆಲ್ಲ ಅದುರುವಿಕೆಯದು. ಎಂಜಿನ್ನಿನ ಅದುರು ಸತತವಾಗಿ ತಾಗಿದರೆ ಕೆಲವು ಮೊಬೈಲುಗಳ ಕ್ಯಾಮರಾ ಕೆಡಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಆದ್ದರಿಂದ ನಾಲ್ಕೂ ಮೂಲೆ ಹಿಡಿಯುವ, ನಡುವೆ ರಬ್ಬರಿನ ಮೆತ್ತೆಯಿರುವ ಹೋಲ್ಡರನ್ನೇ ಆರಿಸಬೇಕು. ಟ್ರ್ಯಾಕ್ಟರಿನ ಸದ್ದಿನಲ್ಲಿ ಮ್ಯಾಪಿನ ಮಾತು ಕೇಳಿಸುವುದಿಲ್ಲ. ಅದಕ್ಕಾಗಿ ಎರಡೂ ಕಿವಿಗೆ ಇಯರ್‌ಫೋನ್ ಹಾಕಿದರೆ ಹಿಂದಿನ ವಾಹನದ ಹಾರನ್ನೂ ಕೇಳಿಸದು. ಕೂಡುರಸ್ತೆ ಬಂದಾಗ ಬದಿಗೆ ನಿಲ್ಲಿಸಿ ನೋಡಿ, ಮುಂದೆ ಸಾಗುವುದೇ ಕ್ಷೇಮ.

ಸುರಕ್ಷತೆ ಮತ್ತು ಕಾನೂನು

ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರಿನ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರೆಂದು ಭಾವಿಸೋಣ. ತೊಡೆಯ ಮೇಲಿನ ಮೊಬೈಲನ್ನು 3 ಸೆಕೆಂಡು ನೋಡಿದರೆ ಅಷ್ಟರಲ್ಲಿ ವಾಹನ 50 ಮೀಟರು ಮುಂದೆ ಹೋಗಿರುತ್ತದೆ. ಆ 50 ಮೀಟರಿನಲ್ಲಿ ಎತ್ತಿನ ಗಾಡಿ ಇರಬಹುದು, ಹಿಂದೆ ದೀಪವಿಲ್ಲದ ಟ್ರೇಲರ್ ನಿಂತಿರಬಹುದು, ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುತ್ತಿರಬಹುದು. ಮೊಬೈಲು ಕಣ್ಣಿನ ನೇರಕ್ಕೆ ಹತ್ತಿರವಿದ್ದರೆ ಒಂದು ಕ್ಷಣದ ನೋಟ ಸಾಕು.

ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನ ಪ್ರಕಾರ ವಾಹನ ನಡೆಸುವಾಗ ಮೊಬೈಲ್ ಕೈಯಲ್ಲಿ ಹಿಡಿದು ಬಳಸುವುದು ಅಪಾಯಕಾರಿ ಚಾಲನೆ. 2019ರ ತಿದ್ದುಪಡಿಯಂತೆ ಮೊದಲ ಅಪರಾಧಕ್ಕೆ 1,000ದಿಂದ 5,000 ರೂಪಾಯಿಯವರೆಗೆ ದಂಡ, ಅಥವಾ 6 ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮವು, ಚಾಲಕನ ಗಮನ ಕೆಡದಂತೆ, ದಾರಿ ನೋಡಲು ಮಾತ್ರ ಮೊಬೈಲ್ ಬಳಸಲು ಅವಕಾಶ ಕೊಟ್ಟಿದೆ. ಏರ್‌ಬ್ಯಾಗ್ ಇರುವ ಜಾಗದ ಮೇಲೆ ಹೋಲ್ಡರ್ ಕೂರಿಸಬಾರದು. ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡರೆ ಹೋಲ್ಡರೂ ಮೊಬೈಲೂ ಕಲ್ಲಿನಂತೆ ಬಂದು ಮುಖಕ್ಕೆ ಬಡಿಯುತ್ತವೆ.

ಹೋಲ್ಡರಿಂದ ಸರಿಯಾಗದ ತೊಂದರೆಗಳು

ಮೊಬೈಲು ಜಾಗವನ್ನು ಸರಿಯಾಗಿ ತೋರಿಸಿದರೂ ಮ್ಯಾಪಿನ ದಾರಿ ತಪ್ಪಾಗಿರಬಹುದು. ತುಂಗಭದ್ರಾ ಎಡದಂಡೆ ಕಾಲುವೆ ಮತ್ತು ಅದರ ಉಪಕಾಲುವೆಗಳ ದಂಡೆಯ ದಾರಿಗಳು ಮ್ಯಾಪಿನಲ್ಲಿ ರಸ್ತೆಯಂತೆಯೇ ಕಾಣಬಹುದು. ರಾತ್ರಿ ವೇಳೆ, ಮಳೆ ಬಿದ್ದಾಗ, ಹೇರು ತುಂಬಿದ ವಾಹನವನ್ನು ಕಾಲುವೆ ದಂಡೆಗೆ ಇಳಿಸಬಾರದು. ಮ್ಯಾಪು ಹತ್ತಿರದ ದಾರಿ ಎಂದು ತೋರಿಸಿದರೂ ಡಾಂಬರು ರಸ್ತೆಯನ್ನೇ ಹಿಡಿಯಬೇಕು.

ನಮ್ಮ ಭಾಗದಲ್ಲಿ ಕ್ಯಾಂಪುಗಳು ಹೆಚ್ಚು. ಆರ್.ಎಚ್. ಕ್ಯಾಂಪುಗಳಂತೆ ಬರೀ ಸಂಖ್ಯೆಯಿಂದ ಬೇರೆಯಾಗುವ ಹೆಸರುಗಳೂ ಇವೆ. ಹೆಸರು ಹಾಕಿ ಹುಡುಕುವುದಕ್ಕಿಂತ, ಹೋಗಬೇಕಾದ ಕಡೆಯವರಿಂದ ವಾಟ್ಸಾಪಿನಲ್ಲಿ ಲೊಕೇಶನ್ ತರಿಸಿಕೊಳ್ಳುವುದು ಖಚಿತ.

ಜಿಪಿಎಸ್ ಕೆಲಸ ಮಾಡಲು ನೆಟ್‌ವರ್ಕ್ ಬೇಕಾಗಿಲ್ಲ. ಆದರೆ ಉಪಗ್ರಹಗಳನ್ನು ಬೇಗ ಹಿಡಿಯಲು ಮತ್ತು ಮ್ಯಾಪಿನ ಚಿತ್ರ ಬರಲು ಬೇಕು. ಹೋಗುವ ಭಾಗದ ಮ್ಯಾಪನ್ನು ಮನೆಯಲ್ಲೇ ಇಳಿಸಿಟ್ಟುಕೊಂಡು, ಅಂಗಳದಲ್ಲಿ ನಿಂತು ನೀಲಿ ಚುಕ್ಕೆ ಸ್ಥಿರವಾದ ಮೇಲೆ ಹೊರಡಬೇಕು. ಬೆಂಗಳೂರಿನಂತಹ ಊರಿನಲ್ಲಿ ಅಲೆಗಳು ಎತ್ತರದ ಕಟ್ಟಡಗಳಿಗೆ ಬಡಿದು ಬರುವುದರಿಂದ ಜಾಗದ ಲೆಕ್ಕ ತಪ್ಪುತ್ತದೆ. ಮೇಲ್ಸೇತುವೆಯ ಮೇಲಿದ್ದೇವೋ ಕೆಳಗಿದ್ದೇವೋ ಎಂಬುದೂ ಮೊಬೈಲಿಗೆ ಎಷ್ಟೋ ಸಲ ತಿಳಿಯದು. ಅಲ್ಲಿ ರಸ್ತೆಯ ಫಲಕಗಳನ್ನೇ ನಂಬಬೇಕು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ನಿಮ್ಮ ಮೊಬೈಲನ್ನು ಕವರಿನ ಸಮೇತ ಇಟ್ಟು, ಹೋಲ್ಡರನ್ನು ಜೋರಾಗಿ ಅಲುಗಾಡಿಸಿ ನೋಡಿರಿ.
2. ಹಿಡಿಯುವ ತೋಳು ಗಿಡ್ಡವಾಗಿರಲಿ. ಉದ್ದನೆಯ ತೋಳು ಹೆಚ್ಚು ಅದುರುತ್ತದೆ.
3. ಮೊಬೈಲಿನ ಬದಿಯ ಗುಂಡಿಗಳು ಹೋಲ್ಡರಿನ ಹಿಡಿತಕ್ಕೆ ಸಿಕ್ಕಿ ಒತ್ತಿಕೊಳ್ಳಬಾರದು.
4. ಬೆನ್ನಿನ ಹಿಂದೆ ದೊಡ್ಡ ಲೋಹದ ತಗಡು ಇರಬಾರದು.
5. ಸೀಟಿನಲ್ಲಿ ಒರಗಿ ಕುಳಿತೇ ಪರದೆ ಕಾಣಬೇಕು, ಬಗ್ಗಬೇಕಾಗಬಾರದು.
6. ಚಾರ್ಜಿನ ವೈರು ಗೇರಿಗೂ ಸ್ಟಿಯರಿಂಗಿಗೂ ತೊಡರಬಾರದು.

ಹೋಗಬೇಕಾದ ಊರನ್ನು ವಾಹನ ಚಾಲೂ ಮಾಡುವ ಮೊದಲೇ ಮ್ಯಾಪಿಗೆ ಹಾಕಿ, ಮಾತಿನ ಸೂಚನೆ ಕೇಳಿಸುವಂತೆ ಇಟ್ಟುಕೊಂಡು ಹೊರಟರೆ ದಾರಿಯಲ್ಲಿ ಪರದೆ ಮುಟ್ಟುವ ಅವಶ್ಯಕತೆ ಬೀಳುವುದಿಲ್ಲ. ಪಕ್ಕದಲ್ಲಿ ಮನೆಯವರಿದ್ದರೆ ಮೊಬೈಲು ನೋಡುವ ಕೆಲಸವನ್ನು ಅವರಿಗೇ ಒಪ್ಪಿಸುವುದು ಎಲ್ಲಕ್ಕಿಂತ ಉತ್ತಮ. ರೈತ ಬಾಂಧವರು ಈ ಸಂಗತಿಗಳನ್ನು ಗಮನದಲ್ಲಿಟ್ಟು ಹೋಲ್ಡರ್ ಆರಿಸಿದಲ್ಲಿ, ಮಾಲು ಸರಿಯಾದ ಊರನ್ನು ಮುಟ್ಟುತ್ತದೆ, ಮಾಲಿನೊಡನೆ ಹೋದವರೂ ಸುಖವಾಗಿ ಮನೆ ಸೇರುತ್ತಾರೆ.